ಓಟದ ಕಾರಿನ ದಾಯಾದಿ

ನಮ್ಮ ಮನೆಯ ಬೇವಿನ ಮರದ ನೆರಳಿನಲ್ಲಿ ನಿಂತಿರುವ ಕಾರು ಓಟದ ಕಾರಲ್ಲ. ಆದರೆ ಓಟದ ಕಾರೊಂದರ ಹತ್ತಿರದ ದಾಯಾದಿ. ಈ ಮಾತನ್ನು ಹೇಳಿದಾಗಲೆಲ್ಲ ಚಿಂಚೋಳಿಯ ಹುಡುಗರು ನಗುತ್ತಾರೆ. ಬಣ್ಣ ಮಾಸಿದ, ಎರಡೇ ಬಾಗಿಲಿನ, ಹಿಂಬದಿಯಲ್ಲಿ ಚಿಕ್ಕ ರೆಕ್ಕೆಗಳಂತೆ ಮೂಲೆಗಳನ್ನು ಚಾಚಿಕೊಂಡಿರುವ ಈ 1967ರ ಸ್ಟ್ಯಾಂಡರ್ಡ್ ಹೆರಾಲ್ಡಿಗೂ ಓಟಕ್ಕೂ ಏನು ನಂಟು ಎಂಬುದು ಅವರ ನಗೆಯ ಅರ್ಥ. ನಂಟು ಇದೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಕಾರು ಹೊರಬಂದಿತು. ಅದರ ಆಕಾರವನ್ನು ರೂಪಿಸಿದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಮೂರು ವರ್ಷಗಳ ಮೇಲೆ, 1962ರಲ್ಲಿ, ಅದೇ ಹೆರಾಲ್ಡಿನ ಅಡಿಗಟ್ಟನ್ನು ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿಯ ಕೈಯಿಂದ ಹೊಸ ಮೈ ಹೊದಿಸಿ, ಇಬ್ಬರೇ ಕುಳಿತುಕೊಳ್ಳಬಹುದಾದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಮಾಡಿದರು. ನಮ್ಮ ದೇಶದಲ್ಲಿ 1961ರಿಂದ ಮದ್ರಾಸಿನಲ್ಲಿ ತಯಾರಾದುದು ಈ ಸಂಸಾರದ ಹಿರಿಯಣ್ಣ. ತಮ್ಮನು ಲೋಕವನ್ನು ಸುತ್ತಿ ಪಂದ್ಯಗಳಲ್ಲಿ ಹೆಸರು ಮಾಡಿದನು. ಅಣ್ಣನು ಸೇಡಂ, ಚಿತ್ತಾಪುರಗಳ ನಡುವೆ ನೆಂಟರನ್ನೂ ಜೋಳದ ಚೀಲಗಳನ್ನೂ ಹೊತ್ತನು. ಆದರೆ ಮನೆತನದ ರೋಗಗಳು ಇಬ್ಬರಿಗೂ ಒಂದೇ. ಆದುದರಿಂದ ಸ್ಪೋರ್ಟ್ಸ್ ಕಾರಿನ ಕಾಯಿಲೆಗಳನ್ನು ಕುರಿತು ಬರೆಯಲು ನನಗೂ ಅಷ್ಟಿಷ್ಟು ಅಧಿಕಾರವುಂಟೆಂದು ಓದುಗರು ಒಪ್ಪಬೇಕು.

ಕಾರನ್ನು ಕೊಂಡವರು ನಮ್ಮ ಕಾಕಾ. ಅವರು ಶಹಾಬಾದಿನಲ್ಲಿ ನೌಕರಿಯಲ್ಲಿದ್ದಾಗ, 1974ರಲ್ಲಿ, ವರ್ಗವಾಗಿ ಹೋಗುತ್ತಿದ್ದ ಇಂಜಿನಿಯರೊಬ್ಬರು ಇದನ್ನು ಅವರಿಗೆ ಮಾರಿದರು. ಅಂದಿನಿಂದ ಇಂದಿನವರೆಗೆ ಇದರ ವೈದ್ಯರು ಅವರೇ. ಈಗ ಅವರಿಗೆ ಎಂಬತ್ತು ದಾಟಿದೆ. ಕಣ್ಣಿನ ಬೆಳಕು ಮಂಕಾಗಿ ಮುಖಗಳು ನೆರಳುಗಳಂತೆ ತೋರುತ್ತವೆಯಂತೆ. ಆದರೆ ಕಿವಿಯೂ ಅಂಗೈಯೂ ಚುರುಕಾಗಿವೆ. ಅವರು ಹೇಳುತ್ತಾರೆ, ನಾನು ಮಾಡುತ್ತೇನೆ. ನಮ್ಮ ಮನೆಯ ರಿಪೇರಿಯ ಕ್ರಮವೇ ಅದು.

ಹೆರಾಲ್ಡಿನ ದೊಡ್ಡ ಗುಣವೆಂದರೆ ರಿಪೇರಿಗೆ ತನ್ನನ್ನು ತಾನೇ ಒಪ್ಪಿಸಿಕೊಳ್ಳುವುದು. ಬಾನೆಟ್ಟು ಎಂದರೆ ಬರಿಯ ಮುಚ್ಚಳವಲ್ಲ. ಮಡ್‌ಗಾರ್ಡು, ದೀಪ ಎಲ್ಲವೂ ಸೇರಿದ ಇಡೀ ಮುಂಭಾಗವೇ ಮೊಸಳೆ ಬಾಯಿ ತೆರೆದಂತೆ ಮುಂದಕ್ಕೆ ಬಾಗುತ್ತದೆ. ಮುಂಗಾಲಿಯ ಮೇಲೆ ಕುಳಿತು ಇಂಜಿನ್ನಿನ ಜೊತೆ ಮಾತನಾಡುತ್ತ ಕೆಲಸ ಮಾಡಬಹುದು. ಸ್ಪಿಟ್‌ಫೈರಿನಲ್ಲಿಯೂ ಹೀಗೆಯೇ. ಮೈಯನ್ನು ಒಂದೇ ಅಚ್ಚಿನಲ್ಲಿ ಒತ್ತದೆ ಭಾಗ ಭಾಗವಾಗಿ ಮಾಡಿ, ಬೋಲ್ಟುಗಳಿಂದ ಅಡಿಗಟ್ಟಿಗೆ ಬಿಗಿದಿದ್ದಾರೆ. ಇದರಿಂದ ಒಂದು ಭಾಗ ಜಖಂ ಆದರೆ ಅದಷ್ಟನ್ನೇ ಬಿಚ್ಚಬಹುದು. ಇದರಿಂದಲೇ, ನಮ್ಮ ಕಡೆಯ ರಸ್ತೆಗಳಲ್ಲಿ ಆರು ತಿಂಗಳು ಓಡಿದರೆ ಸಾಕು, ಒಂದೊಂದು ಬೋಲ್ಟೂ ಸಡಿಲಾಗಿ ಕಾರು ಗಿಲಕಿಯಾಗುತ್ತದೆ. ಸದ್ದನ್ನು ಸಹಿಸಬಹುದು. ಸಹಿಸಲಾಗದುದು ದೀಪಗಳ ಹುಚ್ಚಾಟ. ವಿದ್ಯುತ್ತು ಬ್ಯಾಟರಿಗೆ ಮರಳುವುದು ಕಾರಿನ ಮೈಯ ಮೂಲಕವೇ ತಾನೆ? ಬೋಲ್ಟಿನ ಕೆಳಗೆ ತುಕ್ಕು ಕೂತಿತೆಂದರೆ ಆ ದಾರಿ ಮುಚ್ಚುತ್ತದೆ. ಎಡಕ್ಕೆ ತಿರುಗುವ ಸೂಚನೆ ಕೊಟ್ಟರೆ ಮುಂದಿನ ದೀಪ ಮಂಕಾಗುತ್ತದೆ. ಹಾರನ್ ಒತ್ತಿದರೆ ಹಿಂದಿನ ದೀಪ ಕಣ್ಣು ಮಿಟುಕಿಸುತ್ತದೆ. ಹೊಸ ಬಲ್ಬು, ಹೊಸ ಸ್ವಿಚ್ಚು ಎಂದು ಹಣ ಸುರಿಯುವವರನ್ನು ಕಂಡಿದ್ದೇನೆ. ಬೇಕಾದುದು ಒಂದು ಚೂರು ಉಪ್ಪುಕಾಗದ: ಬೋಲ್ಟನ್ನು ಬಿಚ್ಚಿ, ತಗಡು ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದರೆ ಹುಚ್ಚು ಬಿಡುತ್ತದೆ.

ಇನ್ನು ನೀರಿನ ವಿಷಯ. ನಮ್ಮ ಸೀಮೆ ಸುಣ್ಣಗಲ್ಲಿನ ಸೀಮೆ. ಶಹಾಬಾದಿನ ಪರಸಿಕಲ್ಲು ಯಾರ ಮನೆಯ ನೆಲದಲ್ಲಿಲ್ಲ? ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದುದೂ ನೆಲದ ಕೆಳಗಿರುವ ಈ ಕಲ್ಲಿನಿಂದಲೇ. ಇಂತಹ ಕಲ್ಲಿನ ಪದರಗಳ ನಡುವೆ ಹರಿದು ಬಾವಿ ಸೇರಿದ ನೀರು ತನ್ನೊಡನೆ ಸುಣ್ಣವನ್ನೂ ತರುತ್ತದೆ. ಕಾದಾಗ ಆ ಸುಣ್ಣ ತಳಕ್ಕೆ ಕೂತು ಗಟ್ಟಿಯಾಗುತ್ತದೆ. ಹಂಡೆಯೊಳಗೆ ಬಿಳಿಯ ಹೊಪ್ಪಳಿಕೆ ಕಟ್ಟುವುದನ್ನು ಗೃಹಿಣಿಯರೆಲ್ಲ ಬಲ್ಲರು. ರೇಡಿಯೇಟರೆಂದರೆ ನೂರಾರು ಸಣ್ಣ ಕೊಳವೆಗಳ ಹಂಡೆಯೇ ಸರಿ. ಹತ್ತು ಬೇಸಿಗೆ ಬಾವಿಯ ನೀರು ಕುಡಿದರೆ ಕೊಳವೆಗಳ ಬಾಯಿ ಮುಚ್ಚಿ, ಇಂಜಿನ್ನು ಕುದಿಯತೊಡಗುತ್ತದೆ. ಫ್ಯಾನು ಸರಿಯಿಲ್ಲ, ಥರ್ಮೋಸ್ಟಾಟು ಸರಿಯಿಲ್ಲ ಎಂದು ದೂರುವುದಕ್ಕೆ ಮೊದಲು, ಯಾವ ನೀರು ಹಾಕಿದಿರಿ ಎಂದು ಕೇಳಬೇಕು.

ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಕೊಟ್ಟವರು ಕಾಕಾ ಅಲ್ಲ, ನಮ್ಮ ಅವ್ವ. ತೊಗರಿ ಬೆಳೆಯುವ ನಾಡಿನವಳಾದ ಅವಳಿಗೆ ನೀರಿನ ಪರೀಕ್ಷೆ ಬೇಳೆಯಲ್ಲಿ. ಸುಣ್ಣದ ನೀರಿನಲ್ಲಿ ಬೇಳೆ ಎಷ್ಟು ಹೊತ್ತು ಇಟ್ಟರೂ ಕರಗುವುದಿಲ್ಲ. ಕಾಕಾ ಒಮ್ಮೆ ಹಿತ್ತಲ ಬಾವಿಯ ನೀರನ್ನು ಕಾರಿಗೆ ಸುರಿಯುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು, “ಬ್ಯಾಳಿ ಬೇಯಲಾರದ ನೀರು ಗಾಡಿಗಿ ಯಾಕ ಕುಡಸ್ತೀರಿ?” ಎಂದಳಂತೆ. ಅಂದಿನಿಂದ ಕಾರಿಗೆ ಮಳೆಯ ನೀರು. ಮಾಳಿಗೆಯಿಂದ ಇಳಿದ ಮೊದಲ ಮಳೆಯನ್ನು ಬಿಟ್ಟು ಎರಡನೆಯದನ್ನು ಹಿಡಿದು, ಸೋಸಿ, ಡಬ್ಬಿಗಳಲ್ಲಿ ತುಂಬಿಡುತ್ತಿದ್ದರು. ಈಗ ಅಂಗಡಿಯಲ್ಲಿ ಬಟ್ಟಿಯಿಳಿಸಿದ ನೀರೂ ಕೂಲಂಟೂ ಸುಲಭವಾಗಿ ಸಿಗುತ್ತವೆ. ಅವನ್ನೇ ಬೆರೆಸಿ ಹಾಕುವುದು ಲೇಸು. ಆಗಲೇ ಕಟ್ಟಿದ ಸುಣ್ಣವನ್ನು ಬಿಡಿಸಲು ನಿಂಬೆಯುಪ್ಪನ್ನು ನೀರಿನಲ್ಲಿ ಕರಗಿಸಿ ತುಂಬಿ, ಇಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ, ಆರಿದ ಮೇಲೆ ಬಸಿದು, ಶುದ್ಧ ನೀರಿನಿಂದ ಎರಡು ಮೂರು ಸಲ ತೊಳೆಯಬೇಕು. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಒಳಗಿನ ಒತ್ತಡಕ್ಕೆ ಚಿಮ್ಮುವ ಬಿಸಿನೀರು ಮುಖವನ್ನೇ ಹುಡುಕಿಕೊಂಡು ಬರುತ್ತದೆ.

ಧೂಳಿನ ವಿಚಾರಕ್ಕೆ ಹೆಚ್ಚು ಮಾತು ಬೇಡ. ಕಲ್ಲಿನ ಗಣಿಗಳ ದಾರಿಯಲ್ಲಿ ಓಡುವ ಕಾರಿನ ಗಾಳಿಯ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ತೆಗೆದು ನೋಡಬೇಕು, ಅಷ್ಟೆ. ಮೈಮೇಲೆ ಕೂತ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಬಣ್ಣವನ್ನು ಅರದಿಂದ ಉಜ್ಜಿದಂತೆ.

ನಿಂತ ಕಾರನ್ನು ಪರೀಕ್ಷಿಸುವಾಗ ಕಾಕಾ ಮೊದಲು ಕೇಳುವುದು ಕಿಡಿ. ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ಒರಗಿಸಿ ಸ್ಟಾರ್ಟರನ್ನು ತಿರುಗಿಸಿದರೆ ಕಿಡಿ ಹಾರಬೇಕು. ಹತ್ತಿರದಲ್ಲಿ ಪೆಟ್ರೋಲು ಸೋರಿರಬಾರದೆಂದು ಬೇರೆ ಹೇಳಬೇಕಾಗಿಲ್ಲ. ನೀಲಿಯ ಕಿಡಿ ಚಟ್ಟನೆ ಹಾರಿದರೆ ವಿದ್ಯುತ್ತಿನ ಕಡೆ ಕ್ಷೇಮ. ಹಳದಿಯಾಗಿ, ಸೋಮಾರಿಯಾಗಿ ಬಂದರೆ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳನ್ನೂ ಕಂಡೆನ್ಸರನ್ನೂ ನೋಡಬೇಕು. ಪಾಯಿಂಟುಗಳು ತೆರೆದಾಗ ನಡುವಿನ ಎಡೆ ಇಂಚಿನ ಸಾವಿರದಲ್ಲಿ 15 ಭಾಗ, ಎಂದರೆ ಸುಮಾರು 0.4 ಮಿಲಿಮೀಟರು. ಅಳೆಯುವ ತಗಡು ಹತ್ತಿರವಿಲ್ಲದಿದ್ದರೆ ದಪ್ಪನೆಯ ಲಗ್ನಪತ್ರಿಕೆಯ ತುಂಡು ಮನೆ ಸೇರಿಸುವಷ್ಟು ಕೆಲಸ ಮಾಡುತ್ತದೆ. ನಮ್ಮ ಕಾರಿನಲ್ಲಿ ಇಂತಹ ಪತ್ರಿಕೆಗಳ ಒಂದು ಕಟ್ಟೇ ಇದೆ. ಆ ದಂಪತಿಗಳ ಮಕ್ಕಳಿಗೂ ಈಗ ಮದುವೆಯಾಗಿದೆ. ಮಳೆಗಾಲದಲ್ಲಿ ಮಳಖೇಡದ ಬಳಿ ಕಾಗಿಣಾ ತುಂಬಿ ಸೇತುವೆಯ ಮೇಲೆ ನೀರು ಬಂದರೆ ಯಾವ ವಿದ್ಯೆಯೂ ಬೇಡ, ಈಚೆಯ ದಡದಲ್ಲೇ ನಿಲ್ಲಬೇಕು. ರಸ್ತೆಯ ಗುಂಡಿಯ ನೀರು ಎರಚಿ ಕಾರು ನಿಂತರೆ ಮಾತ್ರ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸುವುದೇ ಮದ್ದು.

ಕಿಡಿ ನೀಲಿಯಾಗಿದ್ದೂ ಕಾರು ನಿಂತರೆ ಏನು? ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಈ ಪ್ರಶ್ನೆ ಬಂದಿತು, ಮತ್ತು ಉತ್ತರಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲವಿರಲಿಲ್ಲ.

ನನ್ನ ತಂಗಿಯ ಮಗಳಿಗೆ ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ ನರ್ಸಿನ ಹುದ್ದೆಗೆ ಸಂದರ್ಶನವಿತ್ತು. ತಂದೆಯಿಲ್ಲದ ಹುಡುಗಿ. ಅವಳ ಓದಿನ ಶುಲ್ಕಕ್ಕಾಗಿ ತಂಗಿ ಅಡವಿಟ್ಟ ಬಳೆಗಳು ಇನ್ನೂ ಬಿಡಿಸಿರಲಿಲ್ಲ. ವಾಡಿಯಲ್ಲಿ ಸಂಜೆ ರೈಲು ಹಿಡಿಯಬೇಕು. ಮುಂಗಡ ಕೊಟ್ಟಿದ್ದ ಬಾಡಿಗೆ ಜೀಪಿನವನು ಮಧ್ಯಾಹ್ನಕ್ಕೆ ಫೋನು ಮಾಡಿ, ದಿಬ್ಬಣಕ್ಕೆ ಹೋಗಿರುವೆನೆಂದನು. ಮುಹೂರ್ತದ ದಿನ, ಊರಿನಲ್ಲಿ ಬೇರೆ ಗಾಡಿಯೇ ಇರಲಿಲ್ಲ. ಕಾಕಾ ಎದ್ದು ದಸ್ತಿಯನ್ನು ಹೆಗಲಿಗೆ ಹಾಕಿಕೊಂಡು, “ನಡೀರಿ, ನಮ್ಮ ಗಾಡಿ ಅದಲ್ಲ” ಎಂದರು. ಚಿಂಚೋಳಿಯಿಂದ ಸೇಡಂ, ಮಳಖೇಡ, ಚಿತ್ತಾಪುರಗಳ ಮೇಲೆ ವಾಡಿಗೆ ಸುಮಾರು 80 ಕಿಲೋಮೀಟರು. ಸೇಡಂ ದಾಟುವವರೆಗೆ ಕಾರು ಹಾಡುತ್ತ ಹೋಯಿತು. ಆಮೇಲೆ ಎರಡು ಸಲ ಬಿಕ್ಕಳಿಸಿತು. ಮಳಖೇಡ ಇನ್ನೂ ಸ್ವಲ್ಪ ದೂರವಿರುವಾಗ ಬಯಲಿನಲ್ಲಿ ನಿಂತುಬಿಟ್ಟಿತು. ಸುತ್ತ ಒಡೆದ ಎರೆಹೊಲ, ಮರವಿಲ್ಲ, ಬಿಸಿಲು ಬೆಂಕಿ. ನೃಪತುಂಗನ ರಾಜಧಾನಿಯ ಹೊಸ್ತಿಲಲ್ಲಿ ನಮ್ಮ ರಥಕ್ಕೆ ಈ ಗತಿ.

ಕಿಡಿ ನೋಡಿದೆ; ನೀಲಿ. ಕಾಕಾ ಕೆಳಗಿಳಿದು, ಬಾನೆಟ್ಟನ್ನು ತಡವಿ, ಇಂಜಿನ್ನಿನ ಮೈಗೆ ಹತ್ತಿಕೊಂಡಿರುವ ಪೆಟ್ರೋಲು ಪಂಪಿನ ಬಳಿ ಅಂಗೈಯನ್ನು ಒಯ್ದರು, ಮುಟ್ಟಲಿಲ್ಲ. “ಹಂಚಿನಂಗ ಸುಡ್ಲಿಕತ್ತದ. ಗಾಜಿನ ಬಟ್ಟಲದಾಗ ಏನದ ನೋಡವಾ” ಎಂದು ಮೊಮ್ಮಗಳನ್ನು ಕೇಳಿದರು. ಪಂಪಿನ ಗಾಜಿನ ಬಟ್ಟಲಿನಲ್ಲಿ ಪೆಟ್ರೋಲು ತಳದಲ್ಲಿ ಮಾತ್ರವಿದ್ದು ಮೇಲೆಲ್ಲ ಗುಳ್ಳೆ.

“ಗುಳ್ಳೆ ಅವ ಮುತ್ಯಾ.”

“ಎಣ್ಣಿ ಕುದಿಲಿಕತ್ತದ. ಪಂಪು ಎಣ್ಣಿ ಎಳೀತದ, ಹಬಿ ಎಳ್ಯಾಂಗಿಲ್ಲ.”

ರೋಗದ ಸಾರವೆಲ್ಲ ಆ ಮಾತಿನಲ್ಲಿದೆ. ಟ್ಯಾಂಕು ಹಿಂದೆ, ಇಂಜಿನ್ನು ಮುಂದೆ. ಮುಂದಿರುವ ಪಂಪು ಪೆಟ್ರೋಲನ್ನು ಹೀರಿ ತರಬೇಕು. ಹೀರುವಾಗ ಕೊಳವೆಯೊಳಗೆ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದಲ್ಲಿ ದ್ರವ ಬೇಗ ಆವಿಯಾಗುತ್ತದೆ. ನೆತ್ತಿಯ ಮೇಲೆ ಕಲಬುರಗಿ ಸೀಮೆಯ ಬಿಸಿಲು, ಪಕ್ಕದಲ್ಲಿ ಕಾದ ಇಂಜಿನ್ನು. ಕೊಳವೆಯೊಳಗೆ ಆವಿ ತುಂಬಿದರೆ ಪಂಪು ಅದನ್ನೇ ಅದುಮಿ ಅದುಮಿ ದಣಿಯುತ್ತದೆ, ಒಂದು ಹನಿಯೂ ಮುಂದೆ ಹೋಗುವುದಿಲ್ಲ. ಮೋಟಾರಿನವರು ಇದನ್ನು ವೇಪರ್ ಲಾಕ್ ಎನ್ನುತ್ತಾರೆ. ಹೊಸ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕೂತು ಒತ್ತಡದಿಂದ ನೂಕುವುದರಿಂದ ಅವುಗಳಿಗೆ ಈ ಕಾಯಿಲೆ ಅಪರೂಪ.

ಮದ್ದು ಸರಳ: ತಂಪು ಮತ್ತು ತಾಳ್ಮೆ. ಕಾಕಾ ದಸ್ತಿಯನ್ನು ತೆಗೆದುಕೊಟ್ಟರು. ಕುಡಿಯಲೆಂದು ತಂದಿದ್ದ ನೀರಿನಲ್ಲಿ ಅದನ್ನು ನೆನೆಸಿ ಪಂಪಿಗೂ ಕೊಳವೆಗೂ ಸುತ್ತಿದೆ. ಗಾಜಿನ ಬಟ್ಟಲಿಗೆ ಸೋಂಕದಂತೆ ಎಚ್ಚರ ವಹಿಸಬೇಕು. ಕಾದ ಗಾಜಿಗೆ ತಣ್ಣೀರು ತಗಲಿದರೆ ಸೀಳುವುದುಂಟು. ನೀರು ಆರುವಾಗ ಬಿಸಿಯನ್ನೂ ಕೊಂಡೊಯ್ಯುತ್ತದೆ. ಮಡಕೆಯ ನೀರು ತಂಪಾಗುವ ನ್ಯಾಯವೇ ಇಲ್ಲಿಯೂ. ಆಮೇಲೆ ಕಾಯಬೇಕು. ಹತ್ತು ನಿಮಿಷವಾಯಿತು. ಬಂದ ಎರಡು ಬಸ್ಸುಗಳೂ ಕಲಬುರಗಿಯವು. ಪರಸಿಕಲ್ಲು ಹೇರಿದ ಲಾರಿಯವನೊಬ್ಬನು ನಿಲ್ಲಿಸಿ, ಹುಡುಗಿಯನ್ನು ಕರೆದೊಯ್ಯಲೇ ಎಂದು ಕೇಳಿದನು, ಒಳ್ಳೆಯವನೇ ಇದ್ದಿರಬೇಕು. ನಾನು ತಂಗಿಯ ಮಗಳ ಮುಖ ನೋಡಿದೆ. ಅವಳು ಗಡಿಯಾರವನ್ನು ನೋಡುವುದನ್ನು ಬಿಟ್ಟು, ಪ್ರಮಾಣಪತ್ರಗಳ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಕಾಕಾ, “ಇನ್ನ ಹತ್ತು ಮಿನಿಟ್ ತಡೀರಿ” ಎಂದರು. ಲಾರಿ ಹೋಯಿತು.

ಇಪ್ಪತ್ತು ನಿಮಿಷದ ಮೇಲೆ ಕಾಕಾ ಮತ್ತೆ ಅಂಗೈ ಇಟ್ಟು ನೋಡಿ, ಪಂಪಿನ ಕೆಳಗಿರುವ ಕೈಸನ್ನೆಯನ್ನು ಮೊಮ್ಮಗಳ ಬೆರಳಿಗೆ ಹಿಡಿಸಿದರು. ಇಂಜಿನ್ನು ನಡೆಯದಿರುವಾಗ ಪೆಟ್ರೋಲನ್ನು ಕೈಯಿಂದ ಎಳೆಯಲು ಅದನ್ನು ಇಟ್ಟಿರುತ್ತಾರೆ. “ಮ್ಯಾಗ, ಕೆಳಗ. ಬಿರುಸ ಬ್ಯಾಡ.” ಅವಳು ಒತ್ತುತ್ತ ಹೋದಳು. ಮೊದಲು ಸನ್ನೆ ಪೊಳ್ಳಾಗಿ ಆಡಿತು. ಬಟ್ಟಲಿನಲ್ಲಿ ಗುಳ್ಳೆಗಳು ಒಡೆದು ಮತ್ತೆ ಹುಟ್ಟಿದವು. ಆಮೇಲೆ ಬೆರಳಿಗೆ ಭಾರ ತಗಲತೊಡಗಿ, ಗಾಜಿನಲ್ಲಿ ಪೆಟ್ರೋಲು ಏರಿತು. “ತುಂಬ್ತು ಮುತ್ಯಾ!” ಕಾರು ಎರಡನೆಯ ಸಲಕ್ಕೆ ಎದ್ದಿತು. ಚಿತ್ತಾಪುರದಲ್ಲಿ ಒಮ್ಮೆ ನಿಲ್ಲಿಸಿ, ಚಹದಂಗಡಿಯಲ್ಲಿ ನೀರು ಕೇಳಿ ದಸ್ತಿಯನ್ನು ಮತ್ತೆ ನೆನೆಸಿಕೊಂಡೆವು. ವಾಡಿಯ ನಿಲ್ದಾಣದ ಮುಂದೆ ಅವಳು ಇಳಿದು ಓಡಿದಾಗ ರೈಲು ಬಂದು ನಿಂತಿತ್ತು. ಅವಳ ಬೆರಳುಗಳ ಮಸಿ ಸಂದರ್ಶನದವರೆಗೂ ಪೂರ್ತಿಯಾಗಿ ಹೋಗಿರಲಿಲ್ಲವಂತೆ. ಕೆಲಸ ಸಿಕ್ಕಿತು. ಬಳೆಗಳು ಕಳೆದ ದೀಪಾವಳಿಗೆ ಮನೆಗೆ ಬಂದವು.

ಆ ದಿನದ ಮೇಲೆ ನಾನು ಪೆಟ್ರೋಲಿನ ದಾರಿಯನ್ನೆಲ್ಲ ತೆಗೆದು ನೋಡಿದೆ. ರಬ್ಬರಿನ ಕೊಳವೆಗಳು ಬೆರಳಿಗೆ ಅಂಟುವಷ್ಟು ಮೆತ್ತಗಾಗಿದ್ದವು. 2023ರಿಂದ ನಮ್ಮ ಬಂಕುಗಳಿಗೆ ಶೇಕಡ 20ರಷ್ಟು ಎಥನಾಲು ಬೆರೆತ ಪೆಟ್ರೋಲು ಬರತೊಡಗಿತಷ್ಟೆ. ಹಳೆಯ ಕಾಲದ ರಬ್ಬರಿಗೆ ಎಥನಾಲು ಆಗದು. ಹಳೆಯ ಕಾರು ಇಟ್ಟವರು ಬೇರೇನನ್ನು ಮಾಡದಿದ್ದರೂ ಎಥನಾಲು ತಾಳುವ ಹೊಸ ಕೊಳವೆಗಳನ್ನು ಹಾಕಿಸಬೇಕು. ಕಾದ ಇಂಜಿನ್ನಿನ ಮೇಲೆ ಪೆಟ್ರೋಲು ಸೋರುವುದು ತಮಾಷೆಯಲ್ಲ. ಪಂಪಿಗೂ ಹೊಗೆಯ ಕೊಳವೆಗೂ ನಡುವೆ ತಗಡಿನ ಮರೆಯೊಂದನ್ನು ಕಟ್ಟಿದೆ. ಆಮೇಲೆ ಟ್ಯಾಂಕಿನ ಪಕ್ಕದಲ್ಲಿ ವಿದ್ಯುತ್ತಿನ ಪಂಪನ್ನು ಇಡಬೇಕೆಂದು ಹೊರಟಾಗ ಮನೆಯಲ್ಲಿ ವಾದ ಹುಟ್ಟಿತು.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರುಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. ಪ್ರತ್ಯೇಕ ನಂಬರು, ಗೌರವ, ಎಲ್ಲವೂ ಉಂಟು. ಆದರೆ ಅಂತಹ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನ್ನ ಮಗನಿಗೆ ಆ ನಂಬರಿನ ಆಸೆ. ಏನನ್ನೂ ಬದಲಿಸಬೇಡಿರೆಂದು ಅವನ ಮಾತು. ನನಗೆ ಬೇಕಾದುದು ವಾಡಿಗೆ ಹೋಗುವ ಕಾರು, ಜಾತ್ರೆಯಲ್ಲಿ ನಿಲ್ಲಿಸುವ ತೇರಲ್ಲ. ನಾನು ಪಂಪನ್ನು ಹಾಕಿಸಿ, ಸಾಮಾನ್ಯ ನೋಂದಣಿಯನ್ನೇ ಮುಂದುವರಿಸಿದೆ. ಕಾಕಾ ಯಾರ ಪಕ್ಷವನ್ನೂ ವಹಿಸಲಿಲ್ಲ. ಹೊಸ ಪಂಪಿನ ಟಕಟಕ ಸದ್ದು ಇಂಜಿನ್ನಿನ ಮಾತನ್ನು ಮರೆಮಾಡುತ್ತದೆಂದು ಮೊದಮೊದಲು ಗೊಣಗಿದರು. ಈಗ ಆ ಟಕಟಕವನ್ನೇ ಎಣಿಸುತ್ತಾರೆ. ಕಾರ್ಬುರೇಟರು ತುಂಬಿದಾಗ ಸದ್ದು ನಿಧಾನವಾಗಬೇಕು. ಆಗದಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದು ಅರ್ಥ.

ಸ್ಪಿಟ್‌ಫೈರಿನವರಿಗೆ ಇನ್ನೊಂದು ತಾಪತ್ರಯವುಂಟು, ಅಲ್ಲಿ ಕಾರ್ಬುರೇಟರುಗಳು ಎರಡು. ಎರಡೂ ಸಮನಾಗಿ ಉಸಿರಾಡಬೇಕು. ಒಂದು ರಬ್ಬರಿನ ನಳಿಕೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೆ ಹಿಡಿದು, ಎರಡರ ಬುಸುಗುಟ್ಟುವ ಸದ್ದು ಒಂದೇ ಆಗುವ ತನಕ ತಿರುಪುಗಳನ್ನು ಹೊಂದಿಸುತ್ತಾರೆ. ತಂಬೂರಿಯ ತಂತಿಗಳನ್ನು ಶ್ರುತಿ ಮಾಡಿದಂತೆ. ನಮ್ಮ ಹೆರಾಲ್ಡಿಗೆ ಒಂದೇ ಕಾರ್ಬುರೇಟರು. ಈ ಸಂಗೀತದ ಭಾಗ್ಯ ಕಾಕಾನ ಕಿವಿಗೆ ಒದಗಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಎಲ್ಲಕ್ಕಿಂತ ಅಪಾಯದ ರೋಗವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ; ಅಣ್ಣತಮ್ಮಂದಿರಿಬ್ಬರಿಗೂ ಅದು ಹುಟ್ಟಿನಿಂದ ಬಂದದ್ದು. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಒಂದು ಉಕ್ಕಿನ ಕಂಬದ ಮೇಲೆ. ಆ ಕಂಬದ ಕೆಳತುದಿಯಲ್ಲಿ ತಿರುಪಿನ ಹಲ್ಲುಗಳಿದ್ದು, ಅದು ಟ್ರನಿಯನ್ ಎಂಬ ಕಂಚಿನ ಗಟ್ಟಿಯೊಳಗೆ ಕೂತಿರುತ್ತದೆ. ಇದಕ್ಕೆ ಗ್ರೀಸು ಕೂಡದು. 90 ನಂಬರಿನ ಗೇರ್ ಎಣ್ಣೆಯನ್ನೇ ಊಡಬೇಕು. ಗ್ರೀಸು ಒಣಗಿ ಗಟ್ಟಿಯಾಗುತ್ತದೆ, ಹಲ್ಲಿನ ಸಂದಿಗೆ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ಉಕ್ಕಿಗೆ ತುಕ್ಕು ಹಿಡಿದು ಒಂದು ದಿನ ಕಂಬವೇ ಮುರಿಯುತ್ತದೆ. ಎಂಬತ್ತರ ದಶಕದಲ್ಲಿ ಒಂದು ಪಟ್ಟಣದ ವರ್ಕ್‌ಶಾಪಿನವರು ಕಾಕಾ ಎಷ್ಟು ಹೇಳಿದರೂ ಕೇಳದೆ ಗ್ರೀಸು ತುಂಬುತ್ತ ಬಂದರು. ಒಂದು ದಿನ ವಾಡಿಯ ನಿಲ್ದಾಣದ ಅಂಗಳದಲ್ಲಿ ಕಾರು ನಿಧಾನವಾಗಿ ತಿರುಗುತ್ತಿದ್ದಾಗ ಬಲಗಡೆಯ ಚಕ್ರ ಕಾಲು ಮಡಚಿಕೊಂಡು ಮಲಗಿತು. ವೇಗದಲ್ಲಿ ಹೋಗುತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ಕಾಕಾ ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಶಹಾಬಾದಿನ ಲೇಥಿನವರೊಬ್ಬರು ಕಂಚಿನ ಗಟ್ಟಿಯನ್ನು ಹೊಸದಾಗಿ ಕಡೆದುಕೊಟ್ಟರು. ಉಕ್ಕಿನ ಕಂಬ ಹೈದರಾಬಾದಿನ ಗುಜರಿಯಲ್ಲಿ ಸಿಕ್ಕಿತು.

ಚಕ್ರವನ್ನು ಜಾಕಿನ ಮೇಲೆ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಈ ರೋಗದ ಮುನ್ಸೂಚನೆ ಸಿಗುತ್ತದೆ. ಕಳೆದ ವಾರ ಕಾಕಾ ಹಾಗೆ ಹಿಡಿದು ನೋಡಿ, ಎಡಗಡೆ ಕೂದಲೆಳೆಯಷ್ಟು ಆಡುತ್ತದೆಂದರು. ನನಗೆ ಏನೂ ತಿಳಿಯಲಿಲ್ಲ. ಆದರೆ ಚಕ್ರವನ್ನು ಬಿಚ್ಚಿ ನೋಡಿದಾಗ ಹಲ್ಲುಗಳು ಸವೆದಿದ್ದವು. ಆ ಲೇಥಿನವರು ಈಗಿಲ್ಲ, ಅವರ ಮಗ ಅದೇ ಯಂತ್ರದ ಮೇಲೆ ಕೆಲಸ ಮಾಡುತ್ತಾನೆ. ಸೋಮವಾರ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾಕಾನೂ ನಾನೂ ಶಹಾಬಾದಿಗೆ ಹೋಗಬೇಕು. ಹೋಗುವುದು ಬಸ್ಸಿನಲ್ಲಿ.